ಕಿವಿಯಣ್ಣನ ಗಾಡಿಗೆ ಬಂದ ನೀಲಿ ದೀಪ

ನೀರು ಸರಬರಾಜು ಮಂಡಳಿಯ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಗಾಡಿ ಓಡಿಸುತ್ತಿದ್ದವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಕಿವಿ ದೊಡ್ಡದಿತ್ತೆಂದಲ್ಲ, ಅದು ಸುಮ್ಮನಿರುತ್ತಿರಲಿಲ್ಲ. ಬೀದಿಯ ಆ ತುದಿಯಲ್ಲಿ ಯಾವುದೋ ಲಾರಿ ತಿರುಗಿದರೆ ಈ ತುದಿಯಲ್ಲಿ ಊಟಕ್ಕೆ ಕೂತವನು ತುತ್ತು ಬಾಯಿಗಿಡದೆ, "ಮೂರನೇ ಸಿಲಿಂಡರ್ ಸರಿಯಿಲ್ಲ, ಪಾಪ" ಎನ್ನುತ್ತಿದ್ದ. ಪಕ್ಕದ ಮನೆಯ ಮಿಕ್ಸಿಯ ಬೇರಿಂಗು ಹೋಗಲಿದೆ ಎಂದು ಗೋಡೆಯಾಚೆಯಿಂದಲೇ ಎಚ್ಚರಿಸಿದ್ದ. ಹೇಳಿ ಎಂಟು ದಿನಕ್ಕೆ ಅದು ಹೋಗಿಯೂ ಹೋಯಿತು, ಅವನೇ ಕಣ್ಣುಹಾಕಿದ ಎಂಬ ಮಾತೂ ಬಂತು.

"ಎಂಜಿನ್ ಕೆಮ್ಮಿದ್ರೆ ಎದ್ದು ಕೂರ್ತಾರೆ. ನಾನು ಕೆಮ್ಮಿದ್ರೆ ಮಗ್ಗುಲು ಬದಲಾಯಿಸ್ತಾರೆ" ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳುವಳು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಆರು ವರ್ಷದ ಹಿಂದೆ ಮಂಡಳಿ ಒಂದು ಬಿಳಿ ವ್ಯಾನು ಕೊಂಡಿತು. ಅದರ ಹಿಂಬಾಗಿಲ ಮೇಲೆ ಬೆಳ್ಳಿ ಬಣ್ಣದ ಮೂರು ಅಕ್ಷರಗಳಿದ್ದವು: ವಿ.ವಿ.ಟಿ. ಆರು ವರ್ಷ ಆ ಅಕ್ಷರಗಳನ್ನು ಕಾಗೆಯೂ ಕೇಳಲಿಲ್ಲ. ಆಮೇಲೆ ಆಡಿಟ್‌ನವರು ಬಂದರು. ಅವರಲ್ಲೊಬ್ಬ ಸಣಕಲು ಮನುಷ್ಯ ಚಹಾ ಕುಡಿಯಲು ಹೊರಗೆ ಬಂದವನು ವ್ಯಾನಿನ ಹಿಂದೆ ನಿಂತು ಬೆರಳಿಟ್ಟ.

"ಇದೇನಿದು?"

"ವೇರಿಯಬಲ್ ವಾಲ್ವ್ ಟೈಮಿಂಗ್ ಸಾರ್" ಎಂದ ಕಿವಿಯಣ್ಣ, ಮಗುವಿನ ಹೆಸರು ಹೇಳುವವನ ಹಾಗೆ.

"ಇದನ್ನ ದಿನಕ್ಕೆ ಎಷ್ಟು ಸಲ ಉಪಯೋಗಿಸ್ತೀರಿ?"

"ನಾನು ಉಪಯೋಗಿಸಲ್ಲ ಸಾರ್. ಅದು ತಾನಾಗೇ ಆಗ್ತದೆ."

ಸತ್ಯ ಹೇಳುವವನಿಗೆ ಆಫೀಸಿನಲ್ಲಿ ಆಗುವುದೇ ಅವನಿಗೂ ಆಯಿತು. ವರದಿಯಲ್ಲಿ ಅವನ ಮಾತಿನ ಮೊದಲರ್ಧ ಮಾತ್ರ ಇಳಿಯಿತು: 'ವಾಹನದಲ್ಲಿ ಒದಗಿಸಿದ ವಿಶೇಷ ಸೌಲಭ್ಯವನ್ನು ಚಾಲಕರು ಆರು ವರ್ಷಗಳಿಂದ ಉಪಯೋಗಿಸಿರುವುದಿಲ್ಲ ಎಂದು ಅವರೇ ಒಪ್ಪಿಕೊಂಡಿರುತ್ತಾರೆ.'

ಸಾಹೇಬರು ಕರೆಸಿದರು. ಮೇಜಿನ ಮೇಲೆ ನೋಟಿಸು, ನೋಟಿಸಿನ ಮೇಲೆ ಪೇಪರ್‌ವೇಟು, ಅದರ ಮೇಲೆ ಸಾಹೇಬರ ಕೈ.

"ಏನಯ್ಯ, ಸೌಲಭ್ಯ ಕೊಟ್ರೂ ಉಪಯೋಗಿಸಲ್ಲ ಅಂದ್ರೆ ಹೇಗೆ?"

"ಸಾರ್, ವಾಲ್ವ್ ಅಂದ್ರೆ ಎಂಜಿನ್ನಿನ ಮೂಗು. ನಿಧಾನ ಹೋಗುವಾಗ ಒಂಥರಾ ಉಸಿರು, ಏರು ಹತ್ತುವಾಗ ಇನ್ನೊಂಥರಾ. ಯಾವಾಗ ತೆರೀಬೇಕು, ಯಾವಾಗ ಮುಚ್ಚಬೇಕು ಅಂತ ಅದೇ ನೋಡ್ಕೊಳ್ಳುತ್ತೆ. ನಾನು ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ್ರೆ ಸಾಕು."

"ಅದೇ ನೋಡ್ಕೊಳ್ಳೋದಾದ್ರೆ ನೀನ್ಯಾಕೆ?"

ಈ ಪ್ರಶ್ನೆಯನ್ನು ಸಾಹೇಬರಿಗೆ ವಾಪಸು ಕೇಳುವ ಧೈರ್ಯ ಆ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ, ಇದ್ದಿದ್ದರೆ ನಲ್ಲಿಯಲ್ಲಿ ನೀರಾದರೂ ಬರುತ್ತಿತ್ತು.

ತೀರ್ಮಾನ ಹೀಗಾಯಿತು. ಇನ್ನು ಮುಂದೆ ಲಾಗ್ ಬುಕ್ಕಿನಲ್ಲಿ ಹೊಸದೊಂದು ಕಾಲಂ: 'ವಾಲ್ವ್ ಟೈಮಿಂಗ್ ಬದಲಾದ ವೇಳೆ.' ಮೂರು ತಿಂಗಳು ಅದು ಭರ್ತಿಯಾಗಿರಬೇಕು. ಖಾಲಿ ಬಿಟ್ಟರೆ ಕಿವಿಯಣ್ಣನನ್ನು ಗಾಡಿಯಿಂದ ಇಳಿಸಿ ಗೇಟಿಗೆ ಹಾಕುವುದು. ಗೇಟೆಂದರೆ ಒಂದು ಸ್ಟೂಲು, ಒಂದು ರಿಜಿಸ್ಟರು, ಬಂದವರ ಹೆಸರು ಬರೆದುಕೊಳ್ಳುವುದು. ಸಂಬಳ ಅಷ್ಟೇ, ಕೆಲಸ ಕಮ್ಮಿ. ಬೇರೆಯವನಾಗಿದ್ದರೆ ಕೈಮುಗಿದು ಹೋಗಿ ಕೂರುತ್ತಿದ್ದ. ಕಿವಿಯಣ್ಣ ಬೆಳಿಗ್ಗೆ ಕೀಲಿ ತಿರುಗಿಸಿ, ಎಂಜಿನ್ನು ಎದ್ದು, ಗಂಟಲು ಸರಿಪಡಿಸಿಕೊಂಡು ಒಂದು ಹದಕ್ಕೆ ಬಂದು ನಿಲ್ಲುವ ಆ ಅರ್ಧ ನಿಮಿಷಕ್ಕಾಗಿಯೇ ಇಪ್ಪತ್ತಾರು ವರ್ಷ ಕೆಲಸಕ್ಕೆ ಬಂದಿದ್ದ. ಗೇಟಿನಲ್ಲಿ ಅವನು ಕೇಳುವುದೇನು, ಸ್ಟೂಲಿನ ಕಿರ್ರೋ ಎಂಬ ಸದ್ದನ್ನೇ?

ಮನೆಗೆ ಬಂದು ಅರ್ಜಿ ಬರೆಯಲು ಕೂತ. ಹೆಂಡತಿ ನಲ್ಲಿಯ ಕೆಳಗೆ ಖಾಲಿ ಕೊಡವಿಟ್ಟು ಅದರ ಪಕ್ಕ ಕೂತಿದ್ದಳು. ಆ ಬೀದಿಯಲ್ಲಿ ಹೆಂಗಸರು ಕೂರುವ ಜಾಗವೇ ಅದು. ಮಂಡಳಿಯ ಬೋರ್ಡಿನಲ್ಲಿ 'ಪ್ರತಿದಿನ ಬೆಳಿಗ್ಗೆ ಆರಕ್ಕೆ ನೀರು' ಎಂದು ಬರೆದಿತ್ತು. ಬೋರ್ಡನ್ನು ಬಣ್ಣದವನು ಬರೆದಿದ್ದ, ನೀರನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಒಂದು ದಿನ ಮಧ್ಯಾಹ್ನ, ಒಂದು ದಿನ ಸಂಜೆ, ಎರಡು ದಿನ ಇಲ್ಲವೇ ಇಲ್ಲ. ಬಂದರೆ ಮುಕ್ಕಾಲು ಗಂಟೆ. ಎದುರು ಮನೆಯ ಹೊಲಿಗೆಯಾಕೆ ಮಿಷನ್ನನ್ನು ಬಚ್ಚಲ ಬಾಗಿಲಿಗೇ ಎಳೆದುಕೊಂಡು ಹೊಲಿಯುತ್ತಿದ್ದಳು. ಬಟ್ಟೆ ಅಂಗಡಿಯವನು ಅಂಗಡಿಗೇ ಬಂದು ಹೊಲಿ, ಹೆಚ್ಚು ಕೊಡುತ್ತೇನೆ ಎಂದಿದ್ದ. ನಲ್ಲಿ ಬಿಟ್ಟು ಹೋಗುವುದು ಹೇಗೆ? ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ.

ಇದಕ್ಕಿಂತ ದೊಡ್ಡ ತಮಾಷೆ ಎಂದರೆ ಆ ಬೀದಿಗೆ ನೀರು ಬಿಡುವವನು ಕಿವಿಯಣ್ಣನ ಸ್ವಂತ ಭಾಮೈದ. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಹದಿನೇಳು ಗುಂಡಿಗಳ ವಾಲ್ವ್ ತಿರುಗಿಸುವುದು ಅವನ ಕೆಲಸ.

"ತಮ್ಮ ಅಂತ ಒಬ್ಬ ಇದಾನೆ, ಅಕ್ಕನ ಬೀದೀನೇ ಒಣಗಿಸ್ತಾನೆ" ಎಂದು ಹೆಂಡತಿ ಚುಚ್ಚಿದರೆ ಅವನದು ಒಂದೇ ಉತ್ತರ. "ಅಕ್ಕಾ, ನನ್ನ ಕೈಲಿ ಕೀಲಿ ಇದೆ, ಟೈಮು ಇಲ್ಲ. ಫೋನ್ ಬರುತ್ತೆ, ತಿರುಗಿಸ್ತೀನಿ. ಸಾಹೇಬರ ಬಡಾವಣೆ ತೊಟ್ಟಿಗಳು ತುಂಬಿದ ಮೇಲೆ ನಿಮ್ಮ ಬೀದಿ."

"ಬಿಡೋಕೆ ಮುಂಚೆ ನನಗೊಂದು ಫೋನ್ ಮಾಡೋಕೇನು ಬೇನೆ?"

"ಆರ್ಡರ್ ಇದೆ. ಮುಂಚೆ ಯಾರಿಗಾದ್ರೂ ಹೇಳಿದ್ರೆ ಪಕ್ಷಪಾತ ಆಗುತ್ತಂತೆ."

ಹೌದು, ಹಾಗೊಂದು ಆದೇಶ ನಿಜಕ್ಕೂ ಇತ್ತು. ಯಾರಿಗೂ ತಿಳಿಸದೆ ಎಲ್ಲರನ್ನೂ ಸಮಾನವಾಗಿ ಕಾಯಿಸುವುದಕ್ಕೆ ಅಲ್ಲಿ ನ್ಯಾಯ ಎಂದು ಹೆಸರು.

ಇರಲಿ, ಅರ್ಜಿಗೆ ಬರೋಣ. ಕಿವಿಯಣ್ಣ ನಾಲ್ಕು ಪುಟ ಬರೆದ. ವಾಲ್ವ್ ಟೈಮಿಂಗ್ ತಿಳಿಸುವ ದೀಪ ಗಾಡಿಯಲ್ಲಿಲ್ಲ, ಡ್ರೈವರಿಗೆ ಅದು ಬೇಕಾಗಿಯೂ ಇಲ್ಲವೆಂಬುದು ಅದರ ಸಾರ. 'ಮೆಟ್ಟಿಲು ಹತ್ತುವಾಗ ನಮ್ಮ ಉಸಿರೂ ಬದಲಾಗುತ್ತದೆ, ಹಾಗೆಂದು ಯಾರೂ ಹಣೆಯ ಮೇಲೆ ದೀಪ ಇಟ್ಟುಕೊಂಡಿಲ್ಲ. ಕೆಟ್ಟರೆ ತಿಳಿಸಲು ಎಂಜಿನ್ ಚಿತ್ರದ ಹಳದಿ ದೀಪ ಈಗಾಗಲೇ ಇದೆ. ಸರಿಯಾಗಿದ್ದಾಗ ಹತ್ತುವ ದೀಪ ಡ್ರೈವರನ ಕಣ್ಣನ್ನು ರಸ್ತೆಯಿಂದ ಕೀಳುತ್ತದೆಯೇ ಹೊರತು ಬೇರೇನೂ ಮಾಡುವುದಿಲ್ಲ. ದೀಪವಿಲ್ಲದೆ ವೇಳೆ ಬರೆಯುವುದೂ ಸಾಧ್ಯವಿಲ್ಲ. ಆದ್ದರಿಂದ ಕಾಲಂ ತೆಗೆಯಬೇಕು.' ಕೆಳಗೆ ಹೆಸರು, ಮನೆಯ ವಿಳಾಸ.

ಟಪಾಲು ವಿಭಾಗದಲ್ಲಿ ಅರ್ಜಿ ಸೇರಿದ್ದು ಟಪಾಲಕ್ಕನ ಕೈಗೆ. ಒಳ್ಳೆಯ ಹೆಂಗಸು, ದಿನಕ್ಕೆ ಇನ್ನೂರು ಕಾಗದ ಓದಿ ಒಂದೊಂದಕ್ಕೂ ಒಂದು ಸಾಲು ಬರೆಯಬೇಕು. ನಾಲ್ಕು ಪುಟದಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಮೂರು ಮಾತು: ವಾಲ್ವ್, ಟೈಮಿಂಗ್, ದೀಪ. ಅದು ನೀರಿನ ಮಂಡಳಿ. ಅಲ್ಲಿ ವಾಲ್ವ್ ಎಂದರೆ ಒಂದೇ ವಾಲ್ವ್, ಗುಂಡಿಯೊಳಗೆ ತುಕ್ಕು ಹಿಡಿದು ಕೂತದ್ದು. ಅವಳು ಬರೆದಳು: 'ಅರ್ಜಿದಾರರ ಬೀದಿಯಲ್ಲಿ ವಾಲ್ವ್ ಟೈಮಿಂಗ್ ಪದೇಪದೇ ಬದಲಾಗುತ್ತಿದ್ದು, ಅರ್ಜಿದಾರರು ಚಾಲಕರಾದ ಕಾರಣ ವಾಹನದಲ್ಲಿ ಸೂಚಕ ದೀಪ ಕೋರಿರುತ್ತಾರೆ.'

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಊರಲ್ಲಿ ಒಬ್ಬಿಬ್ಬರಾದರೆ ಆಫೀಸಿನಲ್ಲಿ ವಿಭಾಗಕ್ಕೊಬ್ಬರು. ವಾಲ್ವ್ ವಿಭಾಗ ಒಪ್ಪಿತು. ಸಾಹೇಬರ ಮುಂದೆ ಬಂದಾಗ ಅವರು 'ವಾಹನ', 'ವಾಲ್ವ್ ಟೈಮಿಂಗ್', 'ದೀಪ' ಎಂಬುದನ್ನು ನೋಡಿ, ಆಡಿಟ್‌ನವರ ಬಾಯಿ ಮುಚ್ಚಿಸಲು ದೇವರೇ ಕಳಿಸಿದ ಕಾಗದ ಎಂದುಕೊಂಡು ಕಣ್ಣುಮುಚ್ಚಿ ಸಹಿ ಹಾಕಿದರು. ಜೀವಮಾನದಲ್ಲಿ ಅವರು ಹಾಕಿದ ಒಂದೇ ಒಂದು ಉಪಯುಕ್ತ ಸಹಿ ಅದು, ಹಾಕಿದ್ದು ತಪ್ಪಿ.

ಹದಿನೈದು ದಿನಕ್ಕೆ ಇಬ್ಬರು ಬಂದರು. ಒಬ್ಬ ವ್ಯಾನಿನ ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಕಡಲೆಕಾಳಿನಷ್ಟು ನೀಲಿ ದೀಪ ಕೂರಿಸಿದ. ಇನ್ನೊಬ್ಬ ಕಿವಿಯಣ್ಣನ ಬೀದಿಯ ತುದಿಯ ಗುಂಡಿಗಿಳಿದು ವಾಲ್ವಿಗೆ ಒಂದು ಪೆಟ್ಟಿಗೆ ಬಿಗಿದ. ವಾಲ್ವ್ ತೆರೆದರೆ ಪೆಟ್ಟಿಗೆಯೊಳಗಿನ ಸಿಮ್ ಸುದ್ದಿ ಕಳಿಸಬೇಕು, ದೀಪ ಹತ್ತಬೇಕು. ಎರಡನೆಯವನ ಸಂಗತಿ ಕಿವಿಯಣ್ಣನಿಗೆ ಗೊತ್ತಿರಲಿಲ್ಲ. ಡ್ಯಾಶ್‌ಬೋರ್ಡಿಗೆ ತೂತು ಬಿದ್ದದ್ದಕ್ಕೇ ಅವನು ಅಂದು ಊಟ ಬಿಟ್ಟಿದ್ದ.

ನಾಲ್ಕು ದಿನ ದೀಪ ಹತ್ತಲಿಲ್ಲ. ಸೇತುವೆಯ ಏರಿನಲ್ಲಿ ಎರಡನೇ ಗೇರಿನಲ್ಲಿ ಒತ್ತಿ ನೋಡಿದ. ಎಂಜಿನ್ನಿನ ಉಸಿರು ಬದಲಾದದ್ದು ಕಿವಿಗೆ ಸ್ಪಷ್ಟವಾಗಿ ಕೇಳಿತು. ದೀಪ ಸತ್ತ ಮೀನಿನ ಕಣ್ಣಿನ ಹಾಗಿತ್ತು. ಐದನೇ ದಿನ ಮಧ್ಯಾಹ್ನ ಆಫೀಸಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀಲಿ ಜೇಬಿಗಿಳಿಸಿ ಡಬ್ಬಿ ಬಿಚ್ಚಿದ್ದಾನೆ, ಪಳಕ್ಕನೆ ಹತ್ತಿಕೊಂಡಿತು. ಕಿವಿಯಣ್ಣ ಬಾನೆಟ್ಟಿಗೆ ಕಿವಿಯಿಟ್ಟ. ಒಳಗೆ ಸದ್ದಿಲ್ಲ. ಪ್ರಾಮಾಣಿಕ ಮನುಷ್ಯ, ಲಾಗ್ ಬುಕ್ ತೆಗೆದು ಕಾಲಂನಲ್ಲಿ ಬರೆದ: '3.10, ದೀಪ ಹತ್ತಿತು. ಎಂಜಿನ್ ಆಫ್.' ಮೂರೂ ಐವತ್ತೈದಕ್ಕೆ ಆರಿತು. ಅದನ್ನೂ ಬರೆದ.

ಸಂಜೆ ಮನೆಯಲ್ಲಿ ಇದನ್ನೇ ಗೊಣಗುತ್ತಿದ್ದ.

"ಎಷ್ಟು ಗಂಟೆ ಅಂದ್ರಿ?" ಎಂದಳು ಹೆಂಡತಿ.

"ಮೂರೂ ಹತ್ತು."

"ಆರಿದ್ದು?"

"ನಾಲ್ಕಕ್ಕೆ ಐದು ನಿಮಿಷ ಇತ್ತು. ಯಾಕೆ?"

ಅವಳು ಕೊಡದ ಕಡೆ ನೋಡಿದಳು. ತುಂಬಿತ್ತು. "ರೀ, ನಿಮ್ಮ ಗಾಡೀಲಿ ಹತ್ತಿದ್ದು ನಮ್ಮನೆ ನಲ್ಲಿ."

"ತಲೆ ಕೆಟ್ಟಿದ್ಯಾ?"

"ಕೆಟ್ಟಿರೋದು ನಿಮ್ಮ ಆಫೀಸಿಂದು. ನಾಳೆ ಹತ್ತಿದ ತಕ್ಷಣ ಫೋನ್ ಮಾಡಿ."

ಭಾಮೈದನನ್ನು ಕೇಳಿದರೆ ಅವನು ನಕ್ಕು ನಕ್ಕು ಕೀಲಿಗೆ ಆನಿಕೊಂಡ. "ಗುಂಡೀಲಿ ಪೆಟ್ಟಿಗೆ ಕೂತಿದೆ ಭಾವ. ನಾನು ಬಾಂಬು ಅಂತ ಎರಡು ದಿನ ಇಳಿದಿರಲಿಲ್ಲ. ನಾನು ಯಾರಿಗೂ ಹೇಳಂಗಿಲ್ಲ ಅಂತ ಆರ್ಡರ್ ಇದೆ. ವಾಲ್ವ್ ಹೇಳಂಗಿಲ್ಲ ಅಂತ ಆರ್ಡರ್ ಇಲ್ವಲ್ಲ."

ಆಮೇಲೆ ಆ ಬೀದಿ ಬೇರೆಯಾಯಿತು. ದೀಪ ಹತ್ತಿದರೆ ಕಿವಿಯಣ್ಣ ಗಾಡಿಯನ್ನು ಬದಿಗೆ ನಿಲ್ಲಿಸಿ ಒಂದೇ ಮಾತು ಹೇಳುತ್ತಿದ್ದ: "ಬಂತು." ಹೆಂಡತಿಯಿಂದ ಹೊಲಿಗೆಯಾಕೆಗೆ, ಅವಳಿಂದ ಮೂರನೇ ಮನೆಯ ನರ್ಸಿಗೆ, ಹಾಗೇ ಕೊನೆಯ ಮನೆಯವರೆಗೆ. ಹೊಲಿಗೆಯಾಕೆ ಅಂಗಡಿಗೆ ಹೋಗಿ ಹೊಲಿಯತೊಡಗಿದಳು, ಫೋನ್ ಬಂದರೆ ಓಡಿ ಬಂದು ತುಂಬಿಸಿ ಹೋಗುತ್ತಿದ್ದಳು. ಬಚ್ಚಲ ಬಾಗಿಲಲ್ಲಿ ಅಲ್ಲದೆ ಬೇರೆ ಕಡೆ ಕೂತು ಎಷ್ಟು ವರ್ಷವಾಗಿತ್ತೋ, ಮೊದಲ ವಾರ ಕತ್ತು ನೋಯಿತಂತೆ. ಒಮ್ಮೆ ಸಾಹೇಬರು ಹಿಂದಿನ ಸೀಟಿನಲ್ಲಿದ್ದಾಗಲೇ ದೀಪ ಹತ್ತಿತು. ಕಿವಿಯಣ್ಣ ಗಾಡಿ ನಿಲ್ಲಿಸಿ ಫೋನಿಗೆ "ಬಂತು" ಎಂದ. ಸಾಹೇಬರು ಕೇಳಿದರು, "ಏನು ಬಂತು?" "ಟೈಮಿಂಗ್ ಸಾರ್." ಸಾಹೇಬರು ತಲೆಯಾಡಿಸಿ ಮತ್ತೆ ತೂಕಡಿಸಿದರು.

ಮೂರು ತಿಂಗಳಾಯಿತು. ಸಣಕಲು ಆಡಿಟ್‌ನವನು ಬಂದು ಕಾಲಂ ನೋಡಿ ಸಂತೋಷಪಟ್ಟ. 'ಸೌಲಭ್ಯ ಬಳಕೆಯಲ್ಲಿದೆ' ಎಂದು ಬರೆದೂ ಬಿಟ್ಟ. ಎದ್ದು ಹೋಗುವಾಗ ಸುಮ್ಮನೆ ಎಂಬಂತೆ ಕೇಳಿದ, "ಇಷ್ಟೊಂದು ಕಡೆ ಎಂಜಿನ್ ಆಫ್ ಅಂತ ಯಾಕಿದೆ?"

ಆಗ ಸಾಹೇಬರು ಲಾಗ್ ಬುಕ್ಕನ್ನು ಮೊದಲ ಸಲ ಓದಿದರು. ಅರ್ಧ ಗಂಟೆ ಓದಿದರು. ಓದುತ್ತ ಓದುತ್ತ ಅವರ ಮುಖ ಬದಲಾದದ್ದಕ್ಕೆ ಯಾವ ದೀಪವೂ ಬೇಕಿರಲಿಲ್ಲ. ಮಂಡಳಿ ಹುಟ್ಟಿದ ಮೇಲೆ ಮೊದಲ ಬಾರಿಗೆ, ಮಂಡಳಿಯದೇ ಪುಸ್ತಕದಲ್ಲಿ, ಮಂಡಳಿಯದೇ ನೌಕರನ ಅಕ್ಷರದಲ್ಲಿ, ಒಂದು ಬೀದಿಗೆ ನೀರು ಯಾವಾಗ ಬಂತು, ಯಾವಾಗ ನಿಂತಿತು ಎಂಬುದೆಲ್ಲ ದಾಖಲಾಗಿತ್ತು. ತೊಂಬತ್ತು ದಿನದಲ್ಲಿ ಮೂವತ್ನಾಲ್ಕು ಸಲ. ಬೆಳಿಗ್ಗೆ ಆರಕ್ಕೆ ಒಂದು ಸಲವೂ ಇಲ್ಲ. ಪ್ರತಿ ತಿಂಗಳೂ ಮೇಲಿನವರಿಗೆ ಹೋಗುವ ವರದಿಯಲ್ಲಿ ಮಾತ್ರ ಆ ಬೀದಿ ದಿನವೂ ಆರಕ್ಕೆ ಮಿಂದು ಮಡಿಯಾಗುತ್ತಿತ್ತು.

ಕಿವಿಯಣ್ಣನನ್ನು ಕರೆದು ಕೂರಿಸಿದರು. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಕೂತದ್ದು ಅದೇ ಮೊದಲು.

"ನೋಡಪ್ಪ, ನಿನಗೆ ಗಾಡಿ ಬೇಕು ತಾನೆ? ಇಲ್ಲೊಂದು ಸಹಿ ಹಾಕು. 'ಲಾಗ್ ಬುಕ್ಕಿನಲ್ಲಿ ಬರೆದ ವೇಳೆಗಳೆಲ್ಲ ವಾಹನದ ಎಂಜಿನ್ನಿಗೆ ಸಂಬಂಧಿಸಿದವು. ಚಾಲಕರಿಗೆ ಸೂಚಕ ದೀಪದ ಅಗತ್ಯವಿದೆ.' ಅಷ್ಟೇ. ದೀಪದ ತಂತೀನ ಗಾಡಿ ಕೀಲಿಗೆ ಜೋಡಿಸ್ತಾರೆ, ಕೀಲಿ ತಿರುಗಿಸಿದ್ರೆ ಹತ್ತುತ್ತೆ, ತೆಗೆದ್ರೆ ಆರುತ್ತೆ. ನಿನಗೂ ನೆಮ್ಮದಿ, ನನಗೂ ನೆಮ್ಮದಿ."

"ಗುಂಡೀಲಿರೋ ಪೆಟ್ಟಿಗೆ ಸಾರ್?"

"ಯಾವ ಪೆಟ್ಟಿಗೆ?" ಎಂದರು ಸಾಹೇಬರು, ಕಿಟಕಿಯ ಕಡೆ ನೋಡುತ್ತ.

"ಸಹಿ ಹಾಕದೇ ಇದ್ರೆ?"

"ಆರು ವರ್ಷ ಉಪಯೋಗಿಸಿಲ್ಲ ಅನ್ನೋ ನೋಟಿಸು ಹಾಗೇ ಇದೆಯಲ್ಲ. ಗೇಟು. ನಾಳೆ ಬೆಳಿಗ್ಗೆವರೆಗೆ ಯೋಚನೆ ಮಾಡು."

ಮನೆಯಲ್ಲಿ ಯಾರೂ ಅವನಿಗೆ ವೀರನಾಗು ಎನ್ನಲಿಲ್ಲ. ಹೆಂಡತಿ ಚಪಾತಿಯ ಹಿಟ್ಟು ನಾದುತ್ತಲೇ ಹೇಳಿದಳು, "ಹಾಕಿ ಬಿಡಿ. ಗೇಟಲ್ಲಿ ಕೂತ್ರೆ ನೀವು ಆರು ತಿಂಗಳು ಬಾಳಲ್ಲ. ಎಂಜಿನ್ ಸದ್ದಿಲ್ಲದೆ ಮನೇಲಿ ಭಾನುವಾರ ಕಳೆಯೋಕೇ ಬರಲ್ಲ ನಿಮಗೆ."

ಹೊಲಿಗೆಯಾಕೆ ಬಾಗಿಲಲ್ಲಿ ನಿಂತಿದ್ದಳು. "ಹೌದು ಅಣ್ಣ. ನಮಗೇನು, ಕೂತು ಅಭ್ಯಾಸ ಇದೆ. ಮಿಷನ್ನು ಬಚ್ಚಲ ಹತ್ರ ಎಳೆದ್ರಾಯ್ತು."

ಹಾಗೆಂದು ಅವಳು ನಕ್ಕಳು. ಆ ನಗುವಿನಲ್ಲಿ ಎಲ್ಲೋ ಒಂದು ಹಲ್ಲು ಸವೆದ ಗೇರಿನ ಸದ್ದಿತ್ತು. ಎಲ್ಲವನ್ನೂ ಕೇಳಿಸಿಕೊಳ್ಳುವ ಮನುಷ್ಯನಿಗೆ ಅದು ಕೇಳದೆ ಹೋದೀತೆ? ಮನುಷ್ಯರ ಸದ್ದು ತನಗೆ ಕೇಳಿಸುತ್ತದೆ ಎಂಬುದು ಮಾತ್ರ ಅವನಿಗೇ ಹೊಸ ಸುದ್ದಿ. ಅವನು ತಟ್ಟೆ ಸರಿಸಿದ.

ಬೆಳಿಗ್ಗೆ ಸಾಹೇಬರು ಪೆನ್ನಿನ ಟೊಪ್ಪಿ ತೆಗೆದು ಕೊಟ್ಟರು. ಕಿವಿಯಣ್ಣ ಓದಿದ, ಮತ್ತೆ ಓದಿದ.

"ಸಾರ್, ಎಂಜಿನ್ ಆಫ್ ಆಗಿದ್ದಾಗ ವಾಲ್ವ್ ಟೈಮಿಂಗ್ ಬದಲಾಯ್ತು ಅಂತ ನಾನು ಬರೆದುಕೊಡಬೇಕಾ?"

"ಹೂಂ."

"ಸತ್ತ ಎಂಜಿನ್ನು ಉಸಿರಾಡ್ತು ಅಂತ."

"ಅಯ್ಯೋ, ಯಾರು ನೋಡ್ತಾರೆ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಬೇಕು, ಅಷ್ಟೇ."

"ದೀಪ ಇರೋದು ಡ್ಯಾಶ್‌ಬೋರ್ಡ್ ಮೇಲೆ ಸಾರ್" ಎಂದ ಕಿವಿಯಣ್ಣ. ಆಮೇಲೆ ಅಚ್ಚು ಹಾಕಿದ್ದಕ್ಕೆಲ್ಲ ಅಡ್ಡಗೆರೆ ಎಳೆದು, ಕೆಳಗೆ ದುಂಡಗೆ ಬರೆದ: 'ಡ್ರೈವರಿಗೆ ವಾಲ್ವ್ ಟೈಮಿಂಗ್ ದೀಪ ಬೇಡ. ಡ್ರೈವರನ ಹೆಂಡತಿಗೆ ಬೇಕು. ಬರೆದ ವೇಳೆಯೆಲ್ಲ ನೀರಿನದು, ಎಂಜಿನ್ನಿನದಲ್ಲ. ಎಂಜಿನ್ನು ಸರಿಯಾಗಿದೆ.' ಸಹಿ ಹಾಕಿ, ಕೀಲಿಯನ್ನು ಮೇಜಿನ ಮೇಲಿಟ್ಟ. ಇಟ್ಟ ಕೈ ವಾಪಸು ಬರಲು ಸ್ವಲ್ಪ ಹೊತ್ತು ತೆಗೆದುಕೊಂಡಿತು.

ಅವನು ಗೇಟಿಗೆ ಹೋದ. ದೀಪದ ಗತಿ ಅಷ್ಟು ಸುಲಭವಾಗಲಿಲ್ಲ. 'ಎಂಜಿನ್ನಿನದಲ್ಲ' ಎಂದು ಚಾಲಕನೇ ಬರೆದ ಮೇಲೆ ಅದು ಗಾಡಿಯಲ್ಲಿರುವಂತಿಲ್ಲ, ಕಿತ್ತರು. ಗಾಡಿಯ ಲೆಕ್ಕದಲ್ಲಿ ಕೊಟ್ಟದ್ದನ್ನು ವಾಲ್ವ್ ವಿಭಾಗ ವಾಪಸು ಮುಟ್ಟುವಂತಿಲ್ಲ, ಮುಟ್ಟಲಿಲ್ಲ. ಉಗ್ರಾಣದವನು 'ಉರಿಯುವ ವಸ್ತುವನ್ನು ಒಳಗಿಡಬಾರದು' ಎಂಬ ನಿಯಮ ತೋರಿಸಿದ. ವಾರಸುದಾರರಿಲ್ಲದ ವಸ್ತುಗಳನ್ನು ಗೇಟಿನಲ್ಲಿಡಬೇಕೆಂದು ಯಾವುದೋ ಸುತ್ತೋಲೆಯಿತ್ತು. ಹಾಗಾಗಿ ಒಂದು ಮುರಿದ ಕೊಡೆ, ಒಂದು ಒಂಟಿ ಚಪ್ಪಲಿಯ ಜೊತೆ ದೀಪವೂ ಗೇಟಿನ ಮೇಜಿಗೆ ಬಂತು. ಹಳೆಯ ಬ್ಯಾಟರಿಯೊಂದನ್ನು ಅದಕ್ಕೆ ಜೋಡಿಸಿದವರು ಯಾರೆಂದು ಆಫೀಸಿನಲ್ಲಿ ಯಾರೂ ಕೇಳಲಿಲ್ಲ. ಗುಂಡಿಯ ಪೆಟ್ಟಿಗೆ ಕೀಳಲು ಭಾಮೈದನಿಗೆ ಬಾಯಿಮಾತಿನ ಆದೇಶ ಬಂತು. 'ಯಾವ ಪೆಟ್ಟಿಗೆ ಎಂದು ಲಿಖಿತದಲ್ಲಿ ತಿಳಿಸಿದರೆ ಕೀಳುತ್ತೇನೆ' ಎಂದು ಅವನು ಲಿಖಿತದಲ್ಲಿ ಕೇಳಿದ. ಉತ್ತರ ಬಂದಿಲ್ಲ, ಬರುವುದೂ ಇಲ್ಲ. ದೀಪ ಈಗಲೂ ಹತ್ತುತ್ತದೆ, ಕಿವಿಯಣ್ಣ ಗೇಟಿನಿಂದಲೇ ಫೋನಿಗೆ "ಬಂತು" ಎನ್ನುತ್ತಾನೆ.

ವ್ಯಾನಿಗೆ ಹೊಸ ಡ್ರೈವರು ಬಂದ. ತಣ್ಣಗಿರುವ ಎಂಜಿನ್ನನ್ನು ಎದ್ದ ಕೂಡಲೇ ಅರಚಿಸುತ್ತಾನೆ. ಗೇಟು ದಾಟುವಾಗಲೆಲ್ಲ ಕಿವಿಯಣ್ಣ ಹಲ್ಲುನೋವು ಬಂದವನ ಹಾಗೆ ಮುಖ ಮಾಡಿ ಇನ್ನೊಂದು ಕಡೆ ತಿರುಗುತ್ತಾನೆ. "ಆಯಿಲ್ ಬದಲಾಯಿಸಪ್ಪ" ಎಂದು ಎರಡು ಸಲ ಹೇಳಿದ. ಮೂರನೇ ಸಲ ಹೇಳಲಿಲ್ಲ, ಆಯಿಲ್ ಬೆಲೆಗಿಂತ ಮಾತಿನ ಬೆಲೆ ಕಮ್ಮಿಯಾಗಿತ್ತು.

ಈಗ ಬೇರೆ ಬೀದಿಗಳ ಹೆಂಗಸರು ಗೇಟಿಗೆ ಬರತೊಡಗಿದ್ದಾರೆ. ನಮಗೂ ಆ ದೀಪ ಬೇಕು ಎಂದರೆ, ಚಾಲಕರಿಗೆ ಮಾತ್ರ ಮಂಜೂರಾತಿ ಎಂದು ವಾಲ್ವ್ ವಿಭಾಗ ಹೇಳುತ್ತದಂತೆ. ಮೊನ್ನೆ ಹಿಂದಿನ ಬೀದಿಯ ಒಬ್ಬ ಅಜ್ಜಿ ಸೆರಗಿನಿಂದ ಒಂದು ಕಾರ್ಡು ಬಿಚ್ಚಿ ಮೇಜಿನ ಮೇಲಿಟ್ಟಳು. ಕಲಿಕೆಯ ಡ್ರೈವಿಂಗ್ ಲೈಸೆನ್ಸು. ಫೋಟೋದಲ್ಲಿ ಅವಳು ಯಾರನ್ನೋ ಬೈಯಲು ಸಿದ್ಧಳಾದಂತಿದ್ದಳು.

"ಗಾಡಿ ಇದೆಯಾ ಅಜ್ಜಿ?"

"ಗಾಡಿ ಕಟ್ಕೊಂಡು ನಾನೇನು ಮಾಡ್ಲಿ? ಇದು ತಂದ್ರೆ ಸಾಕು ಅಂದ್ರು. ಅರ್ಜೀನ ಬರೆಸ್ಕೊಂಡು ಬಂದಿದೀನಿ, ನೋಡಪ್ಪ."

ಕಿವಿಯಣ್ಣ ಅರ್ಜಿಯ ಮೇಲೆ ಬೆರಳೋಡಿಸಿಕೊಂಡು ಓದಿದ. 'ನಮ್ಮ ಬೀದಿಗೆ ನೀರು ಯಾವಾಗ ಬರುತ್ತದೆಂದು ತಿಳಿಯುವುದಿಲ್ಲ' ಎಂಬಲ್ಲಿಗೆ ಬಂದು ಬೆರಳು ನಿಂತಿತು. ರಿಜಿಸ್ಟರಿನ ಹಿಂದಿನಿಂದ ಒಂದು ಖಾಲಿ ಹಾಳೆ ಹರಿದು ಅವಳ ಮುಂದಿಟ್ಟ.

"ಬೇರೆ ಬರೆಯೋಣ ಅಜ್ಜಿ. ನೀರು ಅಂತ ಬರೆದ್ರೆ ಇಲ್ಲಿ ಯಾರೂ ಓದಲ್ಲ. ಟೈಮಿಂಗ್ ಅಂತ ಬರೀಬೇಕು."